ಕಬ್ಬಿನ ದರದ ಮೇಲೆ ಬಿದ್ದ ತೆರಿಗೆ

ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ರಾಯಬಾಗದ ಕಾರ್ಖಾನೆ ಇವೆಲ್ಲ ರೈತರ ಶೇರಿನಿಂದ ಎದ್ದು ನಿಂತ ಸಹಕಾರಿ ಸಕ್ಕರೆ ಕಾರ್ಖಾನೆಗಳು. ಕಾಗವಾಡ ತಾಲ್ಲೂಕಿನ ಉಗಾರದ್ದು ಖಾಸಗಿ ಕಾರ್ಖಾನೆ. ಕೃಷ್ಣಾ ದಂಡೆಯ ಕಬ್ಬು ಎರಡೂ ಬಗೆಯ ಗಾಣಕ್ಕೆ ಹೋಗುತ್ತ ಬಂದಿದೆ. ಬೆಳೆ ಒಂದೇ ಆದರೂ ಆದಾಯ ತೆರಿಗೆ ಇಲಾಖೆಯ ಲೆಕ್ಕ ಬಹುಕಾಲ ಎರಡಾಗಿತ್ತು. ಖಾಸಗಿಯವರು ಹೆಚ್ಚು ದರ ಕೊಟ್ಟರೆ ಅದು ಕಚ್ಚಾಮಾಲಿನ ಖರ್ಚು. ಸಹಕಾರಿ ಕಾರ್ಖಾನೆ ತನ್ನ ಸದಸ್ಯರಿಗೆ ಹೆಚ್ಚು ಕೊಟ್ಟರೆ ಅದು ಲಾಭದ ಹಂಚಿಕೆ, ಆದ್ದರಿಂದ ತೆರಿಗೆಗೆ ಅರ್ಹ. ಈ ಭೇದ ಅನ್ಯಾಯವಾಗಿತ್ತು. ಅದನ್ನು ಸರಿಪಡಿಸುವಲ್ಲಿ ಸರ್ಕಾರ ಮಾಡಿದ ತಡ ಅದಕ್ಕಿಂತ ದೊಡ್ಡ ಅನ್ಯಾಯ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕೇಂದ್ರ ಸರ್ಕಾರ ಶಾಸನಬದ್ಧ ಕನಿಷ್ಠ ದರ ಗೊತ್ತುಮಾಡುತ್ತಿತ್ತು. 1974ರಲ್ಲಿ ಅದಕ್ಕೆ 5ಎ ಕಲಮು ಸೇರಿತು. ಹಂಗಾಮು ಮುಗಿದ ಮೇಲೆ ಸಕ್ಕರೆ ಮಾರಾಟದ ಹೆಚ್ಚುವರಿ ಹುಟ್ಟುವಳಿಯಲ್ಲಿ ಬೆಳೆಗಾರನಿಗೂ ಪಾಲು ಬಂತು. ಸಹಕಾರಿ ಕಾರ್ಖಾನೆಗಳಲ್ಲಿ ಕಬ್ಬು ತೂಗಿದ ಮೇಲೆ ಮೊದಲ ಕಂತಿನ ಬಿಲ್ಲು, ಇಳುವರಿ ಮತ್ತು ಮಾರಾಟ ನೋಡಿಕೊಂಡು ಅಂತಿಮ ಬಿಲ್ಲು. ಕನಿಷ್ಠ ದರ ಟನ್ನಿಗೆ 800 ರೂಪಾಯಿ, ಅಂತಿಮ ದರ 1,000 ಎಂದಿಟ್ಟುಕೊಳ್ಳೋಣ. ಮೇಲಿನ 200 ರೂಪಾಯಿಯನ್ನು ಅಧಿಕಾರಿಗಳು ಕಾರ್ಖಾನೆಯ ಲಾಭವೆಂದು ಎಣಿಸಿ ತೆರಿಗೆ ಹಾಕಿದರು. ಆ ಹಣ ಆಗಲೇ ರೈತನ ಖಾತೆ ಸೇರಿ, ಗೊಬ್ಬರಕ್ಕೋ ಸೊಸೈಟಿ ಸಾಲಕ್ಕೋ ಹೋಗಿಯಾಗಿರುತ್ತಿತ್ತು. ತೆರಿಗೆ ಕಟ್ಟಬೇಕೆಂದರೆ ಮುಂದಿನ ಹಂಗಾಮಿನ ಬಿಲ್ಲಿಗೇ ಕತ್ತರಿ ಬೀಳಬೇಕು. ನೋಟಿಸು ಕಾರ್ಖಾನೆಯ ಹೆಸರಿಗೆ ಬಂದರೂ ಭಾರ ಬೀಳುವುದು ಶೇರುದಾರ ರೈತನ ಮೇಲೆ.

ಇಲಾಖೆಯ ವಾದದಲ್ಲಿ ಹುರುಳೇ ಇರಲಿಲ್ಲ ಎನ್ನಲಾಗದು. ಮಾರುವವನೂ ಮಾಲೀಕನೂ ಒಬ್ಬನೇ ಆದಾಗ ಲಾಭವನ್ನು ದರದ ಹೆಸರಿನಲ್ಲಿ ಸಾಗಿಸುವುದು ಸುಲಭ. ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ತಾಸಗಾಂವ ಸಹಕಾರಿ ಕಾರ್ಖಾನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಮಾರ್ಚ್ 5ರಂದು, 5ಎ ದರದಲ್ಲಿ ಅಡಗಿರುವ ಲಾಭದ ಅಂಶವನ್ನು ಲಾಭವೆಂದೇ ಕಾಣಬೇಕು ಎಂದಿತು. ಆದರೆ ಹೆಚ್ಚುವರಿ ದರವೆಲ್ಲ ಲಾಭವೆಂದು ಅದು ಹೇಳಲಿಲ್ಲ. ಎಷ್ಟು ಲಾಭ, ಎಷ್ಟು ದರ ಎಂದು ಬಿಡಿಸಿ ನೋಡುವ ಕೆಲಸವನ್ನು ತೆರಿಗೆ ಅಧಿಕಾರಿಗೇ ಮರಳಿ ಒಪ್ಪಿಸಿತು. ವರ್ಷಗಟ್ಟಲೆ ನಡೆದ ವ್ಯಾಜ್ಯ ಮತ್ತೆ ಹೊರಟಲ್ಲಿಗೇ ಬಂತು. ಇದ್ದ ಕಾನೂನನ್ನು ಅರ್ಥೈಸುವುದು ಕೋರ್ಟಿನ ಕೆಲಸ; ಕಾನೂನೇ ತಪ್ಪಿದ್ದರೆ ತಿದ್ದಬೇಕಾದದ್ದು ಸಂಸತ್ತು. ದುರುಪಯೋಗದ ಭಯಕ್ಕೂ ಪರಿಹಾರ ಸರಳವಿತ್ತು: ಸರ್ಕಾರ ನಿಗದಿ ಮಾಡಿದ ಅಥವಾ ಒಪ್ಪಿದ ದರದವರೆಗೆ ಖರ್ಚೆಂದು ಮನ್ನಿಸಿದರೆ ಸಾಕು.

2015ರ ಹಣಕಾಸು ಕಾಯ್ದೆ ಮಾಡಿದ್ದೂ ಅದನ್ನೇ. ಆದರೆ ಆ ತಿದ್ದುಪಡಿ 2016-17ರ ತೆರಿಗೆ ನಿರ್ಧಾರಣಾ ವರ್ಷದಿಂದ ಮುಂದಕ್ಕೆ ಮಾತ್ರ ಅನ್ವಯಿಸಿತು. ಹಿಂದಿನ ವರ್ಷಗಳ ಬಾಕಿ ಕಾರ್ಖಾನೆಗಳ ತಲೆಯ ಮೇಲೆ ಹಾಗೇ ಉಳಿಯಿತು. ಅದಕ್ಕೂ ಪರಿಹಾರ ಬಂದದ್ದು 2023ರ ಬಜೆಟ್ಟಿನಲ್ಲಿ. ದೇಶದ ಸಹಕಾರಿ ಸಕ್ಕರೆ ವಲಯಕ್ಕೆ ಸುಮಾರು 10,000 ಕೋಟಿ ರೂಪಾಯಿಯ ಪರಿಹಾರ ಸಿಗಲಿದೆ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದರು. ತಪ್ಪೆಂದು ಸರ್ಕಾರವೇ ಒಪ್ಪಿ ತಿದ್ದಿದ ಮೇಲೂ ಹಳೆಯ ಬಾಕಿಯನ್ನು ಎಂಟು ವರ್ಷ ಎಳೆದದ್ದಕ್ಕೆ ಸಮರ್ಥನೆಯಿಲ್ಲ. ಈ ಪರಿಹಾರವೂ ತಾನಾಗಿ ಬರುವಂಥದ್ದಲ್ಲ, ಕಾರ್ಖಾನೆ ಅರ್ಜಿ ಹಾಕಿಕೊಳ್ಳಬೇಕು. ಆದ್ದರಿಂದ ಈ ತಾಲ್ಲೂಕುಗಳ ಶೇರುದಾರರು ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಎರಡು ಪ್ರಶ್ನೆ ಕೇಳಲೇಬೇಕು: ನಮ್ಮ ಕಾರ್ಖಾನೆ ಅರ್ಜಿ ಹಾಕಿದೆಯೇ? ಉಳಿದ ಹಣ ಯಾವ ಬಿಲ್ಲಿನಲ್ಲಿ ನಮಗೆ ಬರುತ್ತದೆ?