ಬಿದಿರೇಣಿಯಿಂದ ಮಿಷನ್‌ವರೆಗೆ: ಮರ ಹತ್ತುವವರ ಕಥೆ

ಬೇಲೂರಿನ ಕಾಫಿ ತೋಟದವರಿಗೆ ‘ಮರಗಸಿ’ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ನೆರಳು ಮರದ ಕೊಂಬೆ ಸವರಿ, ಕಾಫಿ ಗಿಡಕ್ಕೆ ಬೆಳಕು ಬಿಡುವ ಕೆಲಸ. ಹಳೇಬೀಡು ದಾಟಿ ಅರಸೀಕೆರೆಗೆ ಬಂದರೆ ಹತ್ತುವ ಮರ ತೆಂಗು. ಎರಡೂ ಕಡೆ ಹಿಂದಿನವರ ಬಂಡವಾಳ ಕತ್ತಿ, ಕೊಡಲಿ, ಹಗ್ಗ, ಬಿದಿರೇಣಿ. ರಿಪೇರಿಗೆ ಮಸೆಯುವ ಕಲ್ಲು ಸಾಕಿತ್ತು.

1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಕರೆಂಟಿನ ಚೈನ್ ಗರಗಸ ತಯಾರಿಸಿದರು. 1929ರಲ್ಲಿ ಪೆಟ್ರೋಲಿನದು ಬಂತು. ಆಗ ಅದನ್ನು ಹಿಡಿಯಲು ಇಬ್ಬರು ಬೇಕಿತ್ತು. ಈಗ ಒಬ್ಬನೇ ಹೆಗಲಿಗೇರಿಸಿ ತೋಟಕ್ಕೆ ಹೋಗುತ್ತಾನೆ.

ಕೆಲಸ ಬೇಗ ಮುಗಿಯುತ್ತದೆ, ಆದರೆ ಮಿಷನ್‌ಗೆ ಆರೈಕೆ ಹೆಚ್ಚು. ಪೆಟ್ರೋಲಿಗೆ ಟು-ಸ್ಟ್ರೋಕ್ ಆಯಿಲ್ ಬೆರೆಸದೆ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಚೈನಿಗೆ ಬೇರೆಯೇ ಆಯಿಲ್ ಹಾಕಬೇಕು. ಮರದ ಪುಡಿ ಚಕ್ಕೆಯಾಗಿ ಬೀಳದೆ ಹಿಟ್ಟಿನಂತೆ ಉದುರಿದರೆ ಚೈನ್ ಮೊಂಡಾಗಿದೆ ಎಂದರ್ಥ. ದುಂಡನೆಯ ಅರದಿಂದ ಹಲ್ಲು ಹಲ್ಲನ್ನೂ ಉಜ್ಜಬೇಕು. ಮೊಂಡು ಚೈನನ್ನು ಒತ್ತಿ ಕೊಯ್ಯಹೋದರೆ ಮಿಷನ್ ಎಗರಿ ಮೈಮೇಲೆ ಬರಬಹುದು.

ಏಣಿಯೂ ಬದಲಾಯಿತು. ಬಿದಿರಿನ ಜಾಗಕ್ಕೆ ಅಲ್ಯೂಮಿನಿಯಂ ಬಂತು. ಹೊರಲು ಹಗುರ, ಆದರೆ ತೋಟದೊಳಗಿನ ಕರೆಂಟ್ ತಂತಿಗೆ ತಗುಲಿದರೆ ಹಿಡಿದವನ ಜೀವವೇ ಹೋಗುತ್ತದೆ. ಮಲೆನಾಡಿನಲ್ಲಿ ಹೀಗೆ ಸತ್ತ ಕೂಲಿಕಾರರ ಸುದ್ದಿ ನಾವು ಮತ್ತೆ ಮತ್ತೆ ಓದುತ್ತೇವೆ.

ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಮರ ಹತ್ತುವವರಿಗೆ ತರಬೇತಿ, ವಿಮೆ ಎರಡನ್ನೂ ಕೊಡತೊಡಗಿತು. ಮರಗಸಿಯವರಿಗೂ ಅಂಥದ್ದು ಬೇಕು. ಅಲ್ಲಿಯವರೆಗೆ ತೋಟದ ಮಾಲೀಕರು ಕೂಲಿ ಮಾತಾಡುವ ಮೊದಲು ತಂತಿ ಎಲ್ಲೆಲ್ಲಿ ಹಾದಿದೆ ಎಂದು ತೋರಿಸಲಿ. ಹತ್ತುವವನೂ ಹಗ್ಗ ನೋಡಿಕೊಂಡೇ ಹತ್ತಲಿ.