ಅನುಕಂಪದಿಂದ ಅವಕಾಶದೆಡೆಗೆ: ಅಹಮದಾಬಾದಿನ ಅಂಧಜನ ಮಂಡಳ

ಅಂಧರ ಸೇವೆ ಎಂದೊಡನೆ ಕನ್ನಡಿಗರಾದ ನಮಗೆ ಮೊದಲು ನೆನಪಾಗುವುದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಕಟ್ಟಿದ, ಅವರ ಶಿಷ್ಯರಾದ ಪಂಡಿತ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಮುನ್ನಡೆಸಿದ ಆ ಆಶ್ರಮವು ಅಂಧ ಹಾಗೂ ಅನಾಥ ಮಕ್ಕಳಿಗೆ ಅನ್ನದೊಡನೆ ಸಂಗೀತವಿದ್ಯೆಯನ್ನೂ ಧಾರೆಯೆರೆಯಿತು. ಅಲ್ಲಿ ಕಲಿತವರು ಭಿಕ್ಷೆಗೆ ಕೈಚಾಚದೆ ವಿದ್ಯೆಯ ಬಲದಿಂದ ಬಾಳಿದರು. ಉದ್ಯೋಗ ನಿಮಿತ್ತ ಗುಜರಾತಿಗೆ ಬಂದು ನೆಲೆಸಿರುವ ನಮ್ಮ ಮನೆಗಳ ಸಮೀಪದಲ್ಲಿಯೇ ಇಂಥದೇ ಸ್ವಾಭಿಮಾನದ ದಾರಿಯನ್ನು ತೋರಿದ ಇನ್ನೊಂದು ಸಂಸ್ಥೆಯಿದೆ. ಅದುವೇ ಅಹಮದಾಬಾದಿನ ವಸ್ತ್ರಾಪುರದಲ್ಲಿರುವ ಅಂಧಜನ ಮಂಡಳ, ಅಂದರೆ ಬ್ಲೈಂಡ್ ಪೀಪಲ್ಸ್ ಅಸೋಸಿಯೇಷನ್. ಐಐಎಂಗೆ ಹೋಗುವ ದಾರಿಯಲ್ಲಿ ಈ ಆವರಣವನ್ನು ನೋಡುತ್ತಲೇ ಸಾಗುವ ನಮ್ಮಲ್ಲಿ ಬಹುಮಂದಿಗೆ ಅದರೊಳಗಿನ ಕಾರ್ಯದ ಪರಿಚಯವಿಲ್ಲ. ಆ ಪರಿಚಯವನ್ನೂ, ನಮ್ಮ ಕುಟುಂಬಗಳಿಗೆ ಉಪಯುಕ್ತವಾದ ಕೆಲವು ಮಾಹಿತಿಗಳನ್ನೂ ಒಂದೆಡೆ ಒದಗಿಸುವುದು ಈ ಲೇಖನದ ಉದ್ದೇಶ.

ಒಂದು ಕೊಠಡಿಯ ಆರಂಭ

ಸಂಸ್ಥೆಯ ಸ್ಥಾಪಕರು ಜಗದೀಶ್ ಕಾಶೀಭಾಯಿ ಪಟೇಲ್. 1928ರಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ಮೆದುಳುಜ್ವರಕ್ಕೆ ತುತ್ತಾಗಿ ದೃಷ್ಟಿಯನ್ನು ಕಳೆದುಕೊಂಡರು. 1950ರಲ್ಲಿ ಅಹಮದಾಬಾದಿನ ಒಂದು ಸಣ್ಣ ಕೊಠಡಿಯಲ್ಲಿ ಅಂಧರಿಗಾಗಿ ಒಂದು ಕ್ಲಬ್ಬನ್ನು ಆರಂಭಿಸಿದರು. ಕ್ಲಬ್ ಎಂಬ ಈ ಮಾತು ಗಮನಾರ್ಹ. ಅವರು ಕಟ್ಟಿದ್ದು ಅನಾಥಾಲಯವನ್ನಲ್ಲ, ಅನ್ನಛತ್ರವನ್ನಲ್ಲ. ಸಮಾನರು ಕೂಡಿ ಮಾತನಾಡುವ, ಆಟವಾಡುವ, ತಮ್ಮ ಮುಂದಿನ ದಾರಿಯನ್ನು ತಾವೇ ಯೋಚಿಸುವ ಒಂದು ಕೂಟವನ್ನು. ದಾನಿಗಳ ದಯೆಯಿಂದಲ್ಲದೆ ಅಂಧರ ಸ್ವಂತ ಇಚ್ಛೆಯಿಂದ ಸಂಸ್ಥೆ ಹುಟ್ಟಿತೆಂಬುದು ಅದರ ಮುಂದಿನ ನಡೆಯನ್ನೆಲ್ಲ ನಿರ್ಧರಿಸಿತು.

1954ರಲ್ಲಿ ಇದು ಸಾರ್ವಜನಿಕ ದತ್ತಿಯಾಗಿ ನೋಂದಣಿಗೊಂಡಿತು. ಮೊದಲಿಗೆ ಇಂಗ್ಲಿಷಿನಲ್ಲಿ ಬ್ಲೈಂಡ್ ಮೆನ್ಸ್ ಅಸೋಸಿಯೇಷನ್ ಎಂದಿದ್ದ ಹೆಸರು, ಅಲ್ಲಿ ಸ್ತ್ರೀಯರಿಗೂ ಸಮಪಾಲಿದೆಯೆಂಬುದನ್ನು ಸಾರುವಂತೆ ಪೀಪಲ್ಸ್ ಎಂದು ಬದಲಾಯಿತು. ಗುಜರಾತಿಯ ‘ಅಂಧಜನ’ ಎಂಬ ಪದದಲ್ಲಿ ಈ ಭೇದ ಮೊದಲೇ ಇರಲಿಲ್ಲ. ಅಂಧ ಬಾಲಕಿಯರ ಶಿಕ್ಷಣಕ್ಕೆಂದೇ ನಗರದ ಮೆಮನಗರದಲ್ಲಿರುವ ಅಂಧ ಕನ್ಯಾ ಪ್ರಕಾಶ ಗೃಹವೂ 1954ರಲ್ಲಿಯೇ ಆರಂಭವಾದ ಸಂಸ್ಥೆಯೆಂಬುದನ್ನು ಇಲ್ಲಿ ಸ್ಮರಿಸಬೇಕು. ಜಗದೀಶ್ ಪಟೇಲರಿಗೆ 1991ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 1999ರಲ್ಲಿ ಅವರು ಕಾಲವಾದರು. ನೆರೆಯ ಐಐಎಂನಲ್ಲಿ ವ್ಯವಸ್ಥಾಪನ ಶಾಸ್ತ್ರವನ್ನು ಓದಿದ ಡಾ. ಭೂಷಣ್ ಪುನಾನಿಯವರು ದೊಡ್ಡ ಸಂಬಳದ ಕಂಪನಿಗಳತ್ತ ಹೋಗದೆ ಈ ಸಂಸ್ಥೆಯನ್ನು ಸೇರಿ ದಶಕಗಳ ಕಾಲ ಅದರ ಬೆಳವಣಿಗೆಗೆ ದುಡಿದರು.

ಕಾರ್ಯದ ವಿಸ್ತಾರ

ಹೆಸರಿನಲ್ಲಿ ಅಂಧರು ಮಾತ್ರವೇ ಇದ್ದರೂ ಸಂಸ್ಥೆಯ ಸೇವೆ ಇಂದು ಎಲ್ಲ ಬಗೆಯ ವಿಕಲಚೇತನರನ್ನು ತಲುಪುತ್ತದೆ. ಶಾಲೆ, ವೃತ್ತಿ ತರಬೇತಿ, ಅಂಗಮರ್ದನ ಚಿಕಿತ್ಸೆಯ ಅಂದರೆ ಫಿಸಿಯೋಥೆರಪಿಯ ಶಿಕ್ಷಣ, ಕಂಪ್ಯೂಟರ್ ತರಗತಿ, ಬ್ರೈಲ್ ಮುದ್ರಣ, ಧ್ವನಿ ಪುಸ್ತಕಗಳು, ಸಾಧನ ಸಲಕರಣೆಗಳ ವಿತರಣೆ, ನೇತ್ರ ಚಿಕಿತ್ಸೆ ಇವೆಲ್ಲವೂ ಅದರ ಕಾರ್ಯವ್ಯಾಪ್ತಿಯಲ್ಲಿವೆ. ಇವುಗಳಲ್ಲಿ ವಿಶೇಷವಾಗಿ ಹೇಳಬೇಕಾದ್ದು ಸಮುದಾಯಾಧಾರಿತ ಪುನರ್ವಸತಿ ಎಂಬ ಕ್ರಮ. ಹಳ್ಳಿಯ ಅಂಧನನ್ನು ನಗರದ ವಸತಿಗೃಹಕ್ಕೆ ಕರೆತಂದರೆ ಆತ ಕೆಲಸವನ್ನೇನೋ ಕಲಿಯುತ್ತಾನೆ, ಆದರೆ ಮನೆ, ಹೊಲ, ಬಂಧುಗಳಿಂದ ದೂರವಾಗುತ್ತಾನೆ. ಬದಲಾಗಿ ಕಾರ್ಯಕರ್ತನೇ ಹಳ್ಳಿಗೆ ಹೋಗಿ, ಬಿಳಿಯ ಕೋಲು ಹಿಡಿದು ಬಾವಿಯವರೆಗೆ, ಕೊಟ್ಟಿಗೆಯವರೆಗೆ ನಡೆಯುವುದನ್ನು ಆತನ ಅಂಗಳದಲ್ಲಿಯೇ ಕಲಿಸುತ್ತಾನೆ. ದನ ಮೇಯಿಸುವುದು, ಹಾಲು ಕರೆಯುವುದು, ಸಣ್ಣ ಅಂಗಡಿ ನಡೆಸುವುದು ಇವು ಊರಿನಲ್ಲಿಯೇ ಸಾಧ್ಯವಾದಾಗ ಆತನನ್ನು ನೋಡುವ ಊರಿನವರ ದೃಷ್ಟಿಯೂ ಬದಲಾಗುತ್ತದೆ.

ಕಣ್ಣು ಮತ್ತು ಕಿವಿ ಎರಡನ್ನೂ ಕಳೆದುಕೊಂಡವರ ಪರಿಸ್ಥಿತಿ ಇನ್ನೂ ಕಠಿಣವಾದುದು. ಅವರಿಗೆ ಬ್ರೈಲ್ ಮತ್ತು ಬಿಳಿ ಕೋಲಿನ ನೆರವು ಮಾತ್ರ ಸಾಲದು. ಅಂಗೈಯ ಮೇಲೆ ಸನ್ನೆಗಳಿಂದ ಮಾತನಾಡುವುದನ್ನು ಅವರಿಗೂ ಮನೆಯವರಿಗೂ ಕಲಿಸಬೇಕು. ಈ ಕಾರ್ಯಕ್ಕೆಂದೇ 1997ರಲ್ಲಿ ಆರಂಭವಾದ ಸೆನ್ಸ್ ಇಂಟರ್‌ನ್ಯಾಷನಲ್ ಇಂಡಿಯಾ ಎಂಬ ಸಂಸ್ಥೆಯ ಕೇಂದ್ರವೂ ಅಹಮದಾಬಾದಿನಲ್ಲಿಯೇ ಇದೆ.

ದೃಷ್ಟಿಯುಳ್ಳವರಿಗಾಗಿ ಮಂಡಳವು ರೂಪಿಸಿರುವ ‘ವಿಷನ್ ಇನ್ ದ ಡಾರ್ಕ್’ ಎಂಬ ಅನುಭವವೂ ಉಂಟು. ಕಗ್ಗತ್ತಲೆಯ ಕೋಣೆಗಳಲ್ಲಿ ಸಂದರ್ಶಕರು ಸ್ಪರ್ಶ, ಶಬ್ದ, ವಾಸನೆಗಳನ್ನೇ ನಂಬಿ ನಡೆಯಬೇಕು. ಅಲ್ಲಿ ದಾರಿ ತೋರಿಸುವವರು ಅಂಧರು, ತಡವರಿಸುವವರು ಕಣ್ಣಿದ್ದವರು. ಪಾತ್ರಗಳು ಅದಲುಬದಲಾದೊಡನೆ ಕೊರತೆ ಯಾರಲ್ಲಿದೆ, ಸನ್ನಿವೇಶದಲ್ಲಿ ಎಷ್ಟಿದೆ ಎಂಬುದು ತಾನಾಗಿಯೇ ಅರಿವಾಗುತ್ತದೆ. ಮಕ್ಕಳನ್ನು ಕರೆದೊಯ್ಯಲು ಯೋಗ್ಯವಾದ ತಾಣ.

ಬೆರಳಿಗೆ ಕನ್ನಡವೂ ಗುಜರಾತಿಯೂ ಒಂದೇ

ಗುಜರಾತಿನ ಕನ್ನಡಿಗರಿಗೆ ಸಂತೋಷ ಕೊಡುವ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಲಿಪಿಯನ್ನು 1951ರಲ್ಲಿ ಅಂಗೀಕರಿಸಲಾಯಿತು. ಆರು ಚುಕ್ಕೆಗಳ ಮನೆಯಲ್ಲಿ ಎಡಸಾಲಿನ ಮೇಲಿನ ಮತ್ತು ಕೆಳಗಿನ ಚುಕ್ಕೆಗಳು ಉಬ್ಬಿದ್ದರೆ ಅದು ‘ಕ’. ಕನ್ನಡದಲ್ಲಿಯೂ ಅದೇ, ಗುಜರಾತಿಯಲ್ಲಿಯೂ ಅದೇ. ಕೆಲವು ಸ್ವರಗಳ ವ್ಯತ್ಯಾಸವನ್ನು ಬಿಟ್ಟರೆ ಅಕ್ಷರಗಳೆಲ್ಲ ಹೀಗೆಯೇ. ಒತ್ತಕ್ಷರವು ಕೆಳಗಿಳಿಯುವುದಿಲ್ಲ, ಗುಣಿತದ ಚಿಹ್ನೆ ಮೇಲೇರುವುದಿಲ್ಲ. ಎಲ್ಲವೂ ಒಂದೇ ಸಾಲಿನಲ್ಲಿ ಸಾಗುತ್ತವೆ. ಇಲ್ಲಿಗೆ ಬಂದ ಹೊಸದರಲ್ಲಿ ಬಸ್ಸಿನ ಫಲಕ ಓದಲು ನಾವು ತಿಂಗಳುಗಟ್ಟಲೆ ಗುಜರಾತಿ ಲಿಪಿಯೊಡನೆ ಹೆಣಗಿದೆವು. ಇಲ್ಲಿ ಬ್ರೈಲ್ ಕಲಿತ ಕನ್ನಡದ ಮಗುವಿಗೆ ಆ ತೊಡಕಿಲ್ಲ. ಶಾಲೆಯ ಗುಜರಾತಿ ಪುಸ್ತಕವನ್ನೂ ಅಜ್ಜಿಯ ಊರಿನ ಕನ್ನಡ ಪುಸ್ತಕವನ್ನೂ ಅದೇ ಬೆರಳು ಓದುತ್ತದೆ.

ವಡೋದರಾ ಮತ್ತು ಸೂರತ್

ಅಹಮದಾಬಾದಿನ ಹೊರಗಿರುವ ನಮ್ಮ ಬಂಧುಗಳಿಗೂ ನೆರವಿನ ತಾಣಗಳಿವೆ. ವಡೋದರಾದ ಅಕ್ಷರ್ ಟ್ರಸ್ಟ್ ಶ್ರವಣದೋಷವುಳ್ಳ ಮಕ್ಕಳ ಶಿಕ್ಷಣದಲ್ಲಿ ತೊಡಗಿದೆ. ಕಿವಿ ಕೇಳಿಸದ ಮಗುವಿನ ವಿಷಯದಲ್ಲಿ ಕಾಲವೇ ಮುಖ್ಯ; ತೊಂದರೆಯನ್ನು ಎಷ್ಟು ಬೇಗ ಗುರುತಿಸಿ ತರಬೇತಿ ಆರಂಭಿಸುತ್ತೇವೆಯೋ ಭಾಷೆ ಅಷ್ಟು ಚೆನ್ನಾಗಿ ಕೂಡಿಬರುತ್ತದೆ. ‘ತಡವಾಗಿ ಮಾತು ಬರುವುದು ನಮ್ಮ ವಂಶದಲ್ಲೇ ಇದೆ’ ಎಂದು ಹಿರಿಯರು ಸಮಾಧಾನ ಹೇಳಿದರೂ ಪರೀಕ್ಷೆ ಮಾಡಿಸುವುದನ್ನು ಮುಂದೂಡಬಾರದು. ಸೂರತ್ತಿನಲ್ಲಿ ಡಿಸೇಬಲ್ ವೆಲ್‌ಫೇರ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆಯನ್ನು ಕಟ್ಟಿದ ಕನುಭಾಯಿ ಟೇಲರ್ ಸ್ವತಃ ಅಂಗವೈಕಲ್ಯದೊಡನೆ ಬೆಳೆದವರು, ಪದ್ಮಶ್ರೀ ಪುರಸ್ಕೃತರು.

ಸಾರಿಗೆಯಲ್ಲಿಯೂ ಹೆಜ್ಜೆಗಳು ಮುಂದೆ ಸಾಗಿವೆ. ಅಹಮದಾಬಾದಿನಲ್ಲಿ 2009ರ ಅಕ್ಟೋಬರಿನಲ್ಲಿ ಆರಂಭವಾದ ಜನಮಾರ್ಗ ಬಸ್ ವ್ಯವಸ್ಥೆಯಲ್ಲಿ ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವಂತೆ ಯೋಜಿಸಲಾಯಿತು. ಗಾಲಿಕುರ್ಚಿಯವರಿಗೆ ಮಾಡಿದ ಈ ಅನುಕೂಲ ಮೊಣಕಾಲು ನೋವಿನ ಅಜ್ಜಿಯಂದಿರಿಗೂ ಗರ್ಭಿಣಿಯರಿಗೂ ವರವಾಯಿತು. ಆದರೆ ನಿಲ್ದಾಣದವರೆಗಿನ ಕಾಲುದಾರಿ ಒಡೆದಿದ್ದರೆ, ಅಲ್ಲಿ ಸ್ಕೂಟರುಗಳು ನಿಂತಿದ್ದರೆ, ಸಮತಟ್ಟಾದ ಬಸ್ಸಿನಿಂದ ಪ್ರಯೋಜನವಿಲ್ಲ. ಸುಗಮ್ಯತೆಯೆಂಬುದು ಸರಪಳಿಯಂತೆ, ಒಂದು ಕೊಂಡಿ ಕಳಚಿದರೂ ಪ್ರಯಾಣ ನಿಲ್ಲುತ್ತದೆ.

ಕಾನೂನು ಏನು ಹೇಳುತ್ತದೆ?

2011ರ ಜನಗಣತಿಯಂತೆ ದೇಶದಲ್ಲಿ ವಿಕಲಚೇತನರ ಸಂಖ್ಯೆ ಸುಮಾರು 2.68 ಕೋಟಿ. ಗುಜರಾತಿನಲ್ಲಿ ಸುಮಾರು 10.92 ಲಕ್ಷ, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ. 1995ರ ಕಾಯಿದೆಯು 7 ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಈ ಸಂಖ್ಯೆಯನ್ನು 21ಕ್ಕೆ ಏರಿಸಿತು. ಸರ್ಕಾರಿ ಉದ್ಯೋಗದಲ್ಲಿ ಮೀಸಲಾತಿಯನ್ನು ಶೇ. 3ರಿಂದ 4ಕ್ಕೆ ಹೆಚ್ಚಿಸಿತು. ಸಾರ್ವಜನಿಕ ಕಟ್ಟಡಗಳನ್ನು ಸುಗಮ್ಯಗೊಳಿಸಲು ಐದು ವರ್ಷಗಳ ಗಡುವನ್ನೂ ಕೊಟ್ಟಿತು. ಗಡುವು 2022ರಲ್ಲಿ ಮುಗಿಯಿತು. ಮೆಟ್ಟಿಲುಗಳು ಹಲವೆಡೆ ಹಾಗೆಯೇ ಉಳಿದವು. 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸುಗಮ್ಯತೆಯ ಮಾನದಂಡಗಳು ಕೇವಲ ಸಲಹೆಗಳಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಎಂದು ತೀರ್ಪಿತ್ತಿತು.

ಬ್ಯಾಂಕಿನ ಬಾಗಿಲು

ಬ್ಯಾಂಕಿನ ಕೌಂಟರಿನ ಹಿಂದೆ ಮೂರು ದಶಕ ಕಳೆದಿರುವ ನಾವು ನಮ್ಮ ವೃತ್ತಿಯ ಬಗೆಗೂ ಪ್ರಾಮಾಣಿಕವಾಗಿ ಹೇಳಬೇಕು. ಅಂಧ ಗ್ರಾಹಕರು ಬಂದರೆ ಸಾಕ್ಷಿಯನ್ನು ಕರೆತನ್ನಿ, ಚೆಕ್ ಪುಸ್ತಕ ಬೇಡ, ಲಾಕರ್ ಬೇಡ ಎಂದು ಹೇಳುವ ರೂಢಿ ಹಿಂದೆ ವ್ಯಾಪಕವಾಗಿತ್ತು. ಅವರ ರಕ್ಷಣೆಗಾಗಿಯೇ ಹೀಗೆ ಮಾಡುತ್ತೇವೆಂದು ನಾವು ನಂಬಿದ್ದೆವು. ತನ್ನ ಹಣವನ್ನು ತಾನೇ ತೆಗೆಯಲಾರದವನಿಗೆ ಅದು ರಕ್ಷಣೆಯಲ್ಲ, ಅವಮಾನ ಎಂಬುದು ತಡವಾಗಿ ಅರ್ಥವಾಯಿತು. 2008ರ ಜೂನಿನಲ್ಲಿ ರಿಸರ್ವ್ ಬ್ಯಾಂಕು ಚೆಕ್, ಎಟಿಎಂ, ಲಾಕರ್, ಸಾಲ, ಅಂತರ್ಜಾಲ ಬ್ಯಾಂಕಿಂಗ್ ಯಾವುದನ್ನೂ ಅಂಧರಿಗೆ ನಿರಾಕರಿಸಕೂಡದೆಂದು ಸುತ್ತೋಲೆ ಹೊರಡಿಸಿತು. 2012ರ ಜೂನಿನಲ್ಲಿ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾ ಅಹಮದಾಬಾದಿನ ವಸ್ತ್ರಾಪುರದಲ್ಲಿ ಮಾತನಾಡುವ ಎಟಿಎಂ ಒಂದನ್ನು ಆರಂಭಿಸಿತು. ಇಂತಹ ಯಂತ್ರದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಧ್ವನಿಯ ಸೂಚನೆಯಂತೆ ಗುಂಡಿಗಳನ್ನು ಒತ್ತಿ, ಯಾರ ನೆರವೂ ಇಲ್ಲದೆ ಹಣ ಪಡೆಯಬಹುದು.

ಆದರೆ ತಂತ್ರಜ್ಞಾನ ಹೊಸ ಮೆಟ್ಟಿಲನ್ನೂ ಕಟ್ಟಬಲ್ಲುದು. ಮೊಬೈಲಿನಲ್ಲಿ ಖಾತೆ ತೆರೆಯುವಾಗ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎಂದರೆ ಅಂಧರು, ಆಸಿಡ್ ದಾಳಿಗೆ ತುತ್ತಾದವರು ಏನು ಮಾಡಬೇಕು? 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಪ್ರಕ್ರಿಯೆಗಳನ್ನು ಎಲ್ಲರಿಗೂ ಸುಗಮ್ಯವಾಗಿಸಬೇಕೆಂದು ಆದೇಶಿಸಿ, ಡಿಜಿಟಲ್ ಪ್ರವೇಶವೂ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು.

ಕುಟುಂಬಗಳ ಗಮನಕ್ಕೆ

ಕರ್ನಾಟಕದಲ್ಲಿ ಪಡೆದ ವೈಕಲ್ಯ ಪ್ರಮಾಣಪತ್ರವು ಗುಜರಾತಿನಲ್ಲಿ ನಡೆಯುವುದಿಲ್ಲವೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. 2016ರ ಕಾಯಿದೆಯಂತೆ ಅದು ದೇಶಾದ್ಯಂತ ಮಾನ್ಯ. ಯುಡಿಐಡಿ ಎಂಬ ಗುರುತಿನ ಚೀಟಿಗೆ ಅಂತರ್ಜಾಲದ ಮೂಲಕವೇ ಅರ್ಜಿ ಸಲ್ಲಿಸಬಹುದು. ಬಹುಪಾಲು ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರಬೇಕು.

ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ವೈಕಲ್ಯವುಳ್ಳ ಮಕ್ಕಳ ತಂದೆತಾಯಿಯರು ಇನ್ನೊಂದು ವಿಷಯವನ್ನು ಮರೆಯಬಾರದು. ಮಗುವಿಗೆ 18 ತುಂಬಿದ ಮೇಲೆ ಕಾನೂನಿನ ದೃಷ್ಟಿಯಲ್ಲಿ ತಂದೆತಾಯಿ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಿ ಪಾಲಕತ್ವವನ್ನು ಪಡೆಯಬೇಕು. ಆ ಆದೇಶದ ಆಧಾರದ ಮೇಲೆ ಪಾಲಕರು ಬ್ಯಾಂಕ್ ಖಾತೆಯನ್ನು ನಡೆಸಬಹುದು. ಇದೇ ಟ್ರಸ್ಟಿನ ‘ನಿರಾಮಯ’ ಯೋಜನೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಆರೋಗ್ಯ ವಿಮೆಯೂ ಇದೆ. ‘ನಮ್ಮ ನಂತರ ಇವನನ್ನು ನೋಡುವವರು ಯಾರು?’ ಎಂಬ ಪ್ರಶ್ನೆಯನ್ನು ಕೌಂಟರಿನ ಆಚೆಯಿಂದ ನಾವು ಅನೇಕ ಬಾರಿ ಕೇಳಿದ್ದೇವೆ. ತೌರಿನ ಬಂಧುಗಳೆಲ್ಲ ದೂರದಲ್ಲಿರುವ ನಮ್ಮಂಥವರ ಮನೆಗಳಲ್ಲಿ ಆ ಪ್ರಶ್ನೆ ಇನ್ನೂ ಭಾರವಾದುದು. ಕಾಗದಪತ್ರಗಳು ಅದಕ್ಕೆ ಪೂರ್ಣ ಉತ್ತರವಲ್ಲದಿದ್ದರೂ ಮೊದಲ ಉತ್ತರ ಹೌದು.

ನಮ್ಮದೇ ಅಂಗಳದಲ್ಲಿ

ಕೊನೆಯದಾಗಿ ನಮ್ಮ ಮಾತು. ಪ್ರತಿ ರಾಜ್ಯೋತ್ಸವದಲ್ಲಿಯೂ ವಚನ ಹಾಡುತ್ತಿದ್ದ ಹಿರಿಯರೊಬ್ಬರು ಪಾರ್ಶ್ವವಾಯುವಿನ ನಂತರ ಗಾಲಿಕುರ್ಚಿಯನ್ನು ಅವಲಂಬಿಸಬೇಕಾಯಿತು. ಆ ವರ್ಷದ ಕಾರ್ಯಕ್ರಮ ನಡೆದದ್ದು ಲಿಫ್ಟ್ ಇಲ್ಲದ ಕಟ್ಟಡದ ಮೊದಲ ಮಹಡಿಯಲ್ಲಿ. ನಾವು ನಾಲ್ವರು ಅವರನ್ನು ಕುರ್ಚಿಸಮೇತ ಎತ್ತಿ ಮೇಲೆ ಕೊಂಡೊಯ್ದೆವು. ಸೇವೆ ಮಾಡಿದೆವೆಂದು ಒಳಗೊಳಗೇ ಹಿಗ್ಗಿದೆವು. ಮರುವರ್ಷ ಅವರು ಬರಲಿಲ್ಲ. ಆರೋಗ್ಯ ಸರಿಯಿಲ್ಲವೆಂದು ನಾವೇ ಊಹಿಸಿಕೊಂಡೆವು. ಅವರು ಚೆನ್ನಾಗಿಯೇ ಇದ್ದರೆಂದೂ, ಎಲ್ಲರ ಕಣ್ಣೆದುರು ಸಾಮಾನಿನಂತೆ ಹೊರಿಸಿಕೊಳ್ಳಲು ಮನಸ್ಸಿರಲಿಲ್ಲವೆಂದೂ ಅವರ ಪತ್ನಿಯವರಿಂದ ತಿಳಿದಾಗ ನಾವು ತಲೆತಗ್ಗಿಸಬೇಕಾಯಿತು. ಮುಂದಿನ ವರ್ಷ ನೆಲಮಹಡಿಯ ಸಭಾಂಗಣವನ್ನು ಹಿಡಿದೆವು. ಅವರು ಬಂದರು, ಹಾಡಿದರು.

ಕನ್ನಡ ಸಂಘಗಳು ವಿಕಲಚೇತನರ ಶಾಲೆಗಳಿಗೆ ವರ್ಷಕ್ಕೊಮ್ಮೆ ಹಣ್ಣು, ಹೊದಿಕೆ ಹಂಚುವುದು ಶ್ಲಾಘನೀಯವೇ. ಅದರೊಡನೆ ನಮ್ಮ ಸಭಾಂಗಣಕ್ಕೆ ಇಳಿಜಾರಿನ ದಾರಿಯಿದೆಯೇ, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದಂತೆ ಅದು ನಿಧಾನವಾಗಿ ಏರುತ್ತದೆಯೇ, ಶೌಚಾಲಯದ ಬಾಗಿಲಿನಲ್ಲಿ ಗಾಲಿಕುರ್ಚಿ ಹೋಗುತ್ತದೆಯೇ, ಆಹ್ವಾನಪತ್ರಿಕೆಯನ್ನು ಚಿತ್ರರೂಪದಲ್ಲಷ್ಟೇ ಕಳುಹಿಸದೆ ಧ್ವನಿ ತಂತ್ರಾಂಶ ಓದಬಲ್ಲ ಅಕ್ಷರರೂಪದಲ್ಲಿಯೂ ಕಳುಹಿಸುತ್ತೇವೆಯೇ ಎಂದು ನೋಡಿಕೊಳ್ಳೋಣ. ಜಗದೀಶ್ ಪಟೇಲರು 1950ರಲ್ಲಿ ತೆರೆದದ್ದು ಒಂದು ಕೊಠಡಿಯ ಬಾಗಿಲನ್ನು ಮಾತ್ರ. ನಮ್ಮ ಪಾಲಿನ ಬಾಗಿಲನ್ನು ನಾವೂ ತೆರೆಯೋಣ.