ಸರ್ವೆಯೋರಾ?

ತಿರುಮಕೂಡಲು ನರಸೀಪುರದ ಸಂಗಮದ ದಂಡೆಯಲ್ಲಿ ಕೂತು, ಕಪಿಲೆ ಬಂದು ಕಾವೇರಿಗೆ ಸೇರುವ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕ್ತಿದ್ದೆ. ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ಹಿಂದೆ ಬಂದು ನಿಂತರು.

"ಏನ್ ಸ್ವಾಮಿ, ಸರ್ವೆಯೋರಾ? ನಮ್ ಗದ್ದೆ ಮ್ಯಾಲೆ ರೋಡ್ ಬತ್ತದಾ?"

"ಇಲ್ಲ ಕಣವ್ವ, ಸುಮ್ನೆ ಚಿತ್ರ ಬರೀತಿದ್ದೀನಿ" ಅಂದೆ. ಅವರು ನಂಬಲಿಲ್ಲ.

ನಂಬದಿರೋದಕ್ಕೆ ಚರಿತ್ರೆಯಲ್ಲಿ ಕಾರಣ ಇದೆ. ನಮ್ಮ ಸೀಮೆಯನ್ನು ಬಯಲಲ್ಲಿ ಕೂತು ಕಾಗದಕ್ಕಿಳಿಸಿದ ಯುರೋಪಿಯನ್ನರಲ್ಲಿ ಹಲವರು ದಂಡಿನ ಜೊತೆ ಬಂದವರು. ರಾಬರ್ಟ್ ಹೋಮ್ ಎಂಬ ಚಿತ್ರಕಾರ ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಸೇನೆಯೊಂದಿಗೆ ಬಂದ. ಅಲೆಕ್ಸಾಂಡರ್ ಅಲನ್ ಸೇನಾಧಿಕಾರಿಯೇ. ಇಬ್ಬರ ಮೈಸೂರು ಚಿತ್ರಗಳ ಪುಸ್ತಕಗಳೂ 1794ರಲ್ಲಿ ಅಚ್ಚಾದವು. ಬೆಟ್ಟ, ಮರ, ಮೋಡ ಎಲ್ಲಾ ಚೆಂದವೇ, ಆದರೆ ನಡುವೆ ಕೂತಿರೋದು ಕೋಟೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಾಲಿನ್ ಮೆಕೆಂಜಿಯ ಸರ್ವೆ ಶುರುವಾಯಿತು. ಮೊದಲು ಚಿತ್ರ, ಆಮೇಲೆ ನಕ್ಷೆ, ಆಮೇಲೆ ಕಂದಾಯ. ಅಜ್ಜಿಯ ಅನುಮಾನಕ್ಕೆ ಇನ್ನೂರು ವರ್ಷ ವಯಸ್ಸು!

ಸುಮ್ಮನೆ ನೋಡುವುದಕ್ಕೇ ಬರೆದವರೂ ನಮ್ಮಲ್ಲಿದ್ದರು. ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಕೆ. ವೆಂಕಟಪ್ಪ (1886–1965), ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರು. ಊಟಿಯ ಮಂಜು, ಬೆಟ್ಟಗಳನ್ನು ಜಲವರ್ಣದಲ್ಲಿ ಹಿಡಿದರು. ಅಲ್ಲಿ ಯಾರ ಗದ್ದೆಯನ್ನೂ ಅಳೆದಿಲ್ಲ.

ಹಿಂದಿನ ದಿನ ನಂಜನಗೂಡಿನಲ್ಲಿ ಕಪಿಲೆಯ ಹಳೇ ಸೇತುವೆ ಬರೆದಿದ್ದೆ. ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ್ದು. ಎತ್ತಿನಗಾಡಿಗೆಂದು ಕಟ್ಟಿದ ಕಲ್ಲಿನ ಮೇಲೆ ಮುಂದೆ ಮೀಟರ್‌ಗೇಜ್ ರೈಲೂ ಓಡಿತು. ಬ್ರಾಡ್‌ಗೇಜ್ ಬಂದಾಗ ರೈಲು ಪಕ್ಕದ ಹೊಸ ಸೇತುವೆಗೆ ಹೋಯ್ತು. ಶ್ರೀಕಂಠೇಶ್ವರನ ಏಳಂತಸ್ತಿನ ಗೋಪುರ ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, 1845ರಲ್ಲಿ. ಅಂದರೆ ಸೇತುವೆ ಗೋಪುರಕ್ಕಿಂತ 110 ವರ್ಷ ದೊಡ್ಡದು. ಹೋಮ್ ಇಲ್ಲಿ ಕೂತು ಬರೆದಿದ್ದರೆ ಸೇತುವೆ ಇರ್ತಿತ್ತು, ಈ ಗೋಪುರ ಇರ್ತಿರಲಿಲ್ಲ. ಕೈಯಲ್ಲಿ ಗೆರೆ ಹಾಕುವಾಗಲೇ ಇಂಥ ಲೆಕ್ಕ ಹೊಳೆಯೋದು. ಮೊಬೈಲ್‌ನಲ್ಲಿ ಫೋಟೊ ಹೊಡೆದಾಗ ಎರಡೂ ಒಂದೇ ಕಾಲದ್ದು ಅನಿಸಿಬಿಡುತ್ತೆ.

ಸಂಗಮದ ನೀರನ್ನೇ ಲೋಟಕ್ಕೆ ತುಂಬ್ಕೊಂಡು ಬಣ್ಣ ಕಲಸಿದೆ. ಅಜ್ಜಿ ಹೊರೆ ಇಳಿಸಿ ಪಕ್ಕದಲ್ಲೇ ಕೂತರು. ನದಿ ಗುರುತು ಸಿಕ್ಕಿತು, ತೆಂಗಿನ ತೋಟವೂ ಸಿಕ್ಕಿತು.

"ಬರ್ಕೊಳಿ" ಅಂದರು ಕೊನೆಗೆ. "ನಮ್ ಗದ್ದೆ ಮಾತ್ರ ಬ್ಯಾಡ."

ಬಿಟ್ಟಿದ್ದೀನಿ. ಚಿತ್ರದ ಬಲಗಡೆ, ತೋಟದಾಚೆ, ಕಾಗದ ಇನ್ನೂ ಬೆಳ್ಳಗೇ ಇದೆ.